ಚಿಮ್ನಿ ಕೊಳ್ಳುವ ಮೊದಲು ಗೋಡೆ ನೋಡಿ

ಗದಗಿನಲ್ಲಿರುವ ನಮ್ಮ ಚಿಗವ್ವನಿಗೆ ಫೋನ್ ಮಾಡಿ "ಚಿಮಣಿ ತಗೊಂಡ್ವಿ, ಹದಿನಾಕು ಸಾವಿರ ಆತು" ಅಂದೆ. ಆಕೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಕೆಯ ಪಾಲಿಗೆ ಚಿಮಣಿ ಅಂದರೆ ಕರೆಂಟ್ ಹೋದಾಗ ಹಚ್ಚುವ ಬುಡ್ಡಿ. ಚಿಮಣಿ ಎಣ್ಣೆ ಅಂದರೆ ಸೀಮೆಎಣ್ಣೆ. "ಬಂಗಾರದ್ದೇನವಾ?" ಅಂತ ಕೇಳಿದಳು. ಅಡುಗೆಮನೆಯ ಹೊಗೆ ಎಳೆದುಕೊಳ್ಳುವ ಮಷಿನ್ ಅಂತ ಬಿಡಿಸಿ ಹೇಳಿದೆ. ಆಗ ಇನ್ನೊಂದು ಪ್ರಶ್ನೆ ಬಂತು: "ಎಳಕೊಂಡ ಹೊಗಿ ಎಲ್ಲಿ ಹೋಗತೈತಿ?"

ಅಂಗಡಿಯಲ್ಲಿ ನಾನು ಕೇಳಬೇಕಿದ್ದ ಪ್ರಶ್ನೆ ಅದು. ಕೇಳಿರಲಿಲ್ಲ.

ನಮ್ಮ ಮನೆ ಹುಬ್ಬಳ್ಳಿಯ ಗೋಕುಲ ರೋಡ್ ಕಡೆ, ಮೊದಲ ಮಹಡಿಯಲ್ಲಿ. ಮೊದಲ ಸಲ ತಂದದ್ದು ಪೈಪ್ ಇಲ್ಲದ ಚಿಮ್ನಿ. "ಗೋಡಿ ಒಡಿಯೂದು ಇಲ್ರಿ ಅಕ್ಕಾರ, ಅರ್ಧ ತಾಸಿನ್ಯಾಗ ಕೂಡಿಸಿ ಕೊಡ್ತೀವಿ" ಅಂದರು ಅಂಗಡಿಯವರು. ಹೇಳಿದ ಹಾಗೆ ಅರ್ಧ ತಾಸಿನಲ್ಲೇ ಕೂಡಿಸಿದರು. ಮರುದಿನ ನಮ್ಮ ಅತ್ತೆ ಮಸಾಲೆ ಖಾರಕ್ಕೆ ಅಂತ ಮೆಣಸಿನಕಾಯಿ ಹುರಿದರು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರು, ಖಾರದಲ್ಲಿ ಸ್ವಲ್ಪ ಮೆತ್ತಗೆ. ಹಾಗಾಗಿ ಗುಂಟೂರಿನದನ್ನೂ ಬೆರೆಸಿದ್ದರು. ಚಿಮ್ನಿ ಜೋರಾಗಿ ಓಡುತ್ತಿತ್ತು, ನಾವೆಲ್ಲ ಜೋರಾಗಿ ಕೆಮ್ಮುತ್ತಿದ್ದೆವು.

ಪೈಪೋ, ಇದ್ದಿಲೋ?

ಪೈಪ್ ಇಲ್ಲದ ಚಿಮ್ನಿ ಗಾಳಿಯನ್ನು ಹೊರಗೆ ಹಾಕುವುದೇ ಇಲ್ಲ. ಎಳೆದುಕೊಂಡು, ಎಣ್ಣೆಯನ್ನು ಜಾಲರಿಯಲ್ಲಿ ಹಿಡಿದು, ಇದ್ದಿಲಿನ ಫಿಲ್ಟರ್ ಮೂಲಕ ಹಾಯಿಸಿ, ತಿರುಗಿ ಅದೇ ಕೋಣೆಗೆ ಬಿಡುತ್ತದೆ. ವಾಸನೆ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ಸೆಕೆ, ಹಬೆ, ಗ್ಯಾಸ್ ಉರಿದು ಬಂದ ಕೆಟ್ಟ ಗಾಳಿ ಎಲ್ಲ ಒಳಗೇ ಉಳಿಯುತ್ತವೆ. ಇದ್ದಿಲಿನ ಫಿಲ್ಟರನ್ನು ಸಾಮಾನ್ಯವಾಗಿ ತೊಳೆಯಲು ಬರುವುದಿಲ್ಲ. ದಿನವೂ ಅಡುಗೆ ಮಾಡುವ ಮನೆಯಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ ಹೊಸದು ಹಾಕಬೇಕು. ಅದರ ಖರ್ಚು ಕೊಳ್ಳುವ ದಿನ ಯಾರೂ ಹೇಳುವುದಿಲ್ಲ. ಧಾರವಾಡದ ಜುಲೈ ನೆನಪಿಸಿಕೊಳ್ಳಿ. ಬಟ್ಟೆ ಮೂರು ದಿನಕ್ಕೂ ಒಣಗುವುದಿಲ್ಲ, ಕಿಟಕಿ ತೆರೆದರೆ ಎರಚಲು. ಆ ಹೊತ್ತಿನಲ್ಲಿ ಅನ್ನದ ಹಬೆಯೂ ಮನೆಯೊಳಗೇ ಸುತ್ತಬೇಕಾ?

ಪೈಪ್ ಇರುವುದು ಎಲ್ಲವನ್ನೂ ಹೊರಗೆ ಒಯ್ಯುತ್ತದೆ. ಆದರೆ ಗೋಡೆಗೆ 6 ಇಂಚಿನ ತೂತು ಬೇಕು. ಬಾಡಿಗೆ ಮನೆಯವರಿಗೆ ಮಾಲೀಕರು ಒಪ್ಪದಿದ್ದರೆ ಇಲ್ಲಿಗೇ ಕಥೆ ಮುಗಿಯಿತು ಅಂತ ಅನ್ನಿಸಬಹುದು. ಹಾಗೇನಿಲ್ಲ. ಕಿಟಕಿಯ ಒಂದು ಗಾಜು ತೆಗೆಸಿ, ಆ ಜಾಗಕ್ಕೆ ದುಂಡಗೆ ಕತ್ತರಿಸಿದ ತಗಡು ಹಾಕಿ ಪೈಪ್ ಹೊರಗೆ ಬಿಡಬಹುದು. ಮನೆ ಬಿಡುವಾಗ ಗಾಜು ತಿರುಗಿ ಹಾಕಿಸಿಕೊಟ್ಟರಾಯಿತು. ಅದೂ ಆಗದಿದ್ದರೆ ಪೈಪ್ ಇಲ್ಲದ ಚಿಮ್ನಿಗೆ ದುಡ್ಡು ಹಾಕಬೇಡಿ, ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಇದು ನನ್ನ ಗಟ್ಟಿ ಅಭಿಪ್ರಾಯ. ಹದಿನಾಲ್ಕು ಸಾವಿರ ಕೊಟ್ಟು ಕಲಿತದ್ದು.

ತೂತಿನ ಲೆಕ್ಕ

ಈ ಕೆಲಸದಲ್ಲಿ ಮಷಿನಿಗಿಂತ ಪೈಪಿನ ದಾರಿಯೇ ದೊಡ್ಡದು. ಎಂಥ ದುಬಾರಿ ಚಿಮ್ನಿಯನ್ನೂ ಕೆಟ್ಟ ಪೈಪ್ ಹಾಳು ಮಾಡುತ್ತದೆ. ಒಳ್ಳೆಯ ದಾರಿ ಸಿಕ್ಕರೆ ಸಾದಾ ಚಿಮ್ನಿಯೂ ಚೆನ್ನಾಗಿ ದುಡಿಯುತ್ತದೆ.

ಮೊದಲು ಅಗಲ. ಎರಡನೇ ಸಲ ನಾವು ಪೈಪಿನ ಚಿಮ್ನಿ ತಂದಾಗ, ಕೂಡಿಸಲು ಬಂದ ಹುಡುಗ ಗೋಡೆ ಕೊರೆಯುವ ಶ್ರಮ ಉಳಿಸಲು, ಹಳೆಯ 4 ಇಂಚಿನ ತೂತು ಇದೆಯಲ್ಲ, ಅದಕ್ಕೇ ಜೋಡಿಸೋಣ ಅಂದ. ಕೇಳಲು ಸಣ್ಣ ವ್ಯತ್ಯಾಸ. ಆದರೆ 6 ಇಂಚಿನ ಪೈಪಿನ ಬಾಯಿ 4 ಇಂಚಿನದರ ಎರಡೂಕಾಲು ಪಟ್ಟು. ಅಷ್ಟು ಗಾಳಿ ಇಷ್ಟು ಸಣ್ಣ ಬಾಯಿಯಲ್ಲಿ ನುಗ್ಗಬೇಕಾದರೆ ಸದ್ದು ಏರುತ್ತದೆ, ಎಳೆತ ಇಳಿಯುತ್ತದೆ. ಒಪ್ಪಬೇಡಿ.

ಆಮೇಲೆ ಉದ್ದ ಮತ್ತು ತಿರುವು. ಒಲೆ ಹೊರಗೋಡೆಗೆ ಆನಿಕೊಂಡಿದ್ದರೆ ನೀವು ಪುಣ್ಯವಂತರು. ಚಿಮ್ನಿ ಮೇಲಿಂದ ಒಂದೇ ತಿರುವು, ನೇರ ಹೊರಗೆ. ಒಳಗೋಡೆಗಿದ್ದರೆ ಪೈಪ್ ಸೂರಿನ ಕೆಳಗೆ ಓಡಬೇಕು. 10–12 ಅಡಿಯೊಳಗೆ, ಎರಡು ತಿರುವಿನೊಳಗೆ ಮುಗಿಸಲು ನೋಡಿ. ಅದಕ್ಕಿಂತ ಜಾಸ್ತಿ ಆಗುವ ಹಾಗಿದ್ದರೆ ಒಲೆಯನ್ನೇ ಜರುಗಿಸಲು ಆಗುತ್ತದಾ ಯೋಚಿಸಿ. ಹೊಸ ಮನೆ ಕಟ್ಟಿಸುತ್ತಿರುವವರು ಗಿಲಾಯಿ ಆಗುವ ಮುಂಚೆಯೇ ಇದನ್ನು ಗೌಂಡಿಗೆ ಹೇಳಿಬಿಡಿ. ಟೈಲ್ಸ್ ಹಾಕಿದ ಮೇಲೆ ಕೊರೆಸುವ ಸಂಕಟ ಬೇರೆಯೇ.

ಎತ್ತರವನ್ನೂ ಅಳೆದು ನೋಡಿ. ಕಟ್ಟೆ 33 ಇಂಚು, ಒಲೆ 5 ಇಂಚು ಅಂತ ಇಟ್ಟುಕೊಳ್ಳಿ. ಒಲೆಯ ಮೇಲ್ಭಾಗದಿಂದ ಚಿಮ್ನಿಯ ಕೆಳಭಾಗಕ್ಕೆ ಸಾಮಾನ್ಯವಾಗಿ 65ರಿಂದ 75 ಸೆಂಟಿಮೀಟರ್ ಬಿಡುತ್ತಾರೆ. ಅಂದರೆ ಚಿಮ್ನಿಯ ತಳ ನೆಲದಿಂದ ಸುಮಾರು ಐದೂವರೆ ಅಡಿಗೆ ಬಂತು. ಪೈಪ್ ಹೊರಡುವುದು ಅದಕ್ಕಿಂತ ಮೇಲೆ, 7 ಅಡಿಯ ಆಸುಪಾಸು. ನಮ್ಮ ಮನೆಗಳಲ್ಲಿ ಕಿಟಕಿ ಬಾಗಿಲುಗಳ ಮೇಲಿನ ಲಿಂಟಲ್, ಅಂದರೆ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ, ಇರುವುದೂ ಅಲ್ಲೇ! ಕೊರೆಯುವ ಮಷಿನಿಗೆ ಇಟ್ಟಿಗೆ ಯಾವುದು, ಕಬ್ಬಿಣ ಯಾವುದು ಗೊತ್ತಾಗುವುದಿಲ್ಲ. ಲಿಂಟಲ್, ಬೀಮ್, ಕಾಲಮ್ ಇವುಗಳಿಗೆ ತೂತು ಬೀಳಬಾರದು. ನಾವು ಲಿಂಟಲ್ ಮೇಲೆ, ಸ್ಲ್ಯಾಬಿನ ಕೆಳಗೆ ಸಿಕ್ಕ ಇಟ್ಟಿಗೆಯ ಜಾಗದಲ್ಲಿ ಕೊರೆಸಿದೆವು. ಸುತ್ತಿಗೆಯಲ್ಲಿ ಒಡೆಸಬೇಡಿ. ಕೋರ್ ಕಟಿಂಗ್ ಮಷಿನ್ ತಂದರೆ ದುಂಡಗೆ, ಬಿರುಕಿಲ್ಲದೆ ಬರುತ್ತದೆ.

ಪೈಪಿನ ಜಾತಿ. ಬರುವ ಹುಡುಗರ ಕೈಯಲ್ಲಿ ಇರುವುದು ಹೆಚ್ಚಾಗಿ ಅಕಾರ್ಡಿಯನ್ ಹಾಗೆ ಜಗ್ಗುವ ಅಲ್ಯೂಮಿನಿಯಂ ಪೈಪ್. ಅದನ್ನು ಪೂರ್ತಿ ಎಳೆದು, ಹೆಚ್ಚಿನದನ್ನು ಕತ್ತರಿಸಿ ಹಾಕಿದರೆ ಅಡ್ಡಿಯಿಲ್ಲ. ಅರ್ಧ ಜಗ್ಗಿ ಹಾವಿನ ಹಾಗೆ ಸುರುಳಿ ಬಿಟ್ಟರೆ ಪ್ರತಿ ಸುಕ್ಕಿನಲ್ಲೂ ಎಣ್ಣೆ ಕೂಡುತ್ತದೆ. ಪಿವಿಸಿ ಒಳಗೆ ನುಣುಪು, ಗಾಳಿ ಸರಾಗವಾಗಿ ಹೋಗುತ್ತದೆ. ಆದರೆ ಬೆಂಕಿಯ ವಿಚಾರ ಬಂದರೆ ತಗಡಿನ ಪೈಪೇ ಮೇಲು. ಉದ್ದ ಓಡಿಸುವುದಿದ್ದರೆ ತಗಡಿನ ಕೆಲಸದವರ ಹತ್ತಿರ ಗಟ್ಟಿ ಪೈಪ್ ಮಾಡಿಸಿಕೊಳ್ಳಿ.

ಇನ್ನು ಹೊರಗಿನ ಬಾಯಿ. ನಮ್ಮ ಕಡೆ ಮುಂಗಾರಿನ ಗಾಳಿ ಬರುವುದು ನೈಋತ್ಯ ಮತ್ತು ಪಶ್ಚಿಮದಿಂದ. ಆಯ್ಕೆ ಇದ್ದರೆ ಪೈಪನ್ನು ಪೂರ್ವಕ್ಕೋ ಉತ್ತರಕ್ಕೋ ಬಿಡಿ. ಪಶ್ಚಿಮಕ್ಕೇ ಬಿಡಬೇಕಾದರೆ ಕೆಳಮುಖದ ಮುಚ್ಚಳ ಹಾಕಿಸಿ, ಪೈಪನ್ನು ಹೊರಕ್ಕೆ ಸ್ವಲ್ಪ ಇಳಿಜಾರು ಮಾಡಿ. ಇಲ್ಲದಿದ್ದರೆ ಮಳೆನೀರು ನೇರ ಮೋಟರಿಗೆ ಬರುತ್ತದೆ. ಗದಗಿನವರು ಗಾಳಿಯನ್ನು ಇನ್ನೂ ಜಾಸ್ತಿ ಲೆಕ್ಕಕ್ಕೆ ಹಿಡಿಯಬೇಕು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಲ್ವಾ! ಅಂಥ ಕಡೆ ಗಾಳಿ ಹಿಂದಕ್ಕೆ ನುಗ್ಗದಂತೆ ತಡೆಯುವ ರೆಪ್ಪೆ ಇರಲೇಬೇಕು. ಚಿಮ್ನಿಯ ಜೊತೆ ಒಂದು ಪ್ಲಾಸ್ಟಿಕ್ ರೆಪ್ಪೆ ಬಂದಿರುತ್ತದೆ. ಅದನ್ನು ಹಾಕದೆ ಡಬ್ಬಿಯಲ್ಲೇ ಬಿಟ್ಟು ಹೋಗುವವರೂ ಇದ್ದಾರೆ, ಎದುರಿಗೆ ನಿಂತು ನೋಡಿ.

ಬಾಯಿಗೆ ಒಂದು ಜಾಳಿಗೆಯೂ ಬೇಕು. ನಮ್ಮ ಪಕ್ಕದ ಮನೆಯವರ ಮಾತು ಮರಾಠಿ. ಅವರ ಭಾಷೆಯಲ್ಲಿ ಚಿಮಣಿ ಅಂದರೆ ಗುಬ್ಬಿ. ರಜೆಗೆ ಊರಿಗೆ ಹೋಗಿ ಬಂದು ನೋಡಿದರೆ ಅವರ ಚಿಮ್ನಿಯ ಪೈಪಿನಲ್ಲಿ ನಿಜವಾದ ಚಿಮಣಿ ಗೂಡು ಕಟ್ಟಿತ್ತು. ಮರಿ ಹಾರುವ ತನಕ ಒಗ್ಗರಣೆ ಹೊಗೆಯನ್ನು ಕಿಟಕಿಯಿಂದಲೇ ಕಳಿಸಿದರು. ಜಾಳಿಗೆಯ ಕಣ್ಣು ತೀರಾ ಸಣ್ಣದೂ ಇರಬಾರದು, ಎಣ್ಣೆ ಕಟ್ಟಿ ಮುಚ್ಚಿಹೋಗುತ್ತದೆ.

ಹಿಟ್ಟಿನ ಧೂಳು ಕೆಟಲಾಗಿನಲ್ಲಿ ಇಲ್ಲ

ಫಿಲ್ಟರ್ ಮೂರು ಥರ. ಅಲ್ಯೂಮಿನಿಯಂ ಎಳೆಗಳ ಪದರ ಪದರ ಜಾಲರಿ ಒಂದು. ಉಕ್ಕಿನ ಬಾಗಿದ ಪಟ್ಟಿಗಳ ಬ್ಯಾಫಲ್ ಇನ್ನೊಂದು. ಮೂರನೆಯದು ಫಿಲ್ಟರೇ ಇಲ್ಲದ್ದು. ಅದರ ಮೇಲೆ ಆಟೋ ಕ್ಲೀನ್ ಅಂತ ಬರೆದಿರುತ್ತದೆ.

ಜಾಲರಿಯನ್ನು ಮರೆತುಬಿಡಿ. ಎಣ್ಣೆ ಹಿಡಿಯುತ್ತದೆ ನಿಜ, ಆದರೆ ಹಿಡಿದದ್ದನ್ನು ಬಿಡುವುದಿಲ್ಲ. ವಾರ ಹದಿನೈದು ದಿನದಲ್ಲಿ ಕಣ್ಣುಗಳು ಕಟ್ಟಿಕೊಂಡು ಉಸಿರು ನಿಲ್ಲುತ್ತದೆ.

ನಿಜವಾದ ಪೈಪೋಟಿ ಇರುವುದು ಉಳಿದೆರಡರ ನಡುವೆ. ಬ್ಯಾಫಲ್‌ನಲ್ಲಿ ಗಾಳಿ ಬಾಗಿದ ಪಟ್ಟಿಗಳ ನಡುವೆ ತಟ್ಟನೆ ತಿರುಗುತ್ತದೆ. ಹಗುರ ಗಾಳಿ ತಿರುಗಿಕೊಂಡು ಹೋಗುತ್ತದೆ, ಭಾರದ ಎಣ್ಣೆ ಹನಿ ಪಟ್ಟಿಗೆ ಬಡಿದು ಕೆಳಗೆ ಇಳಿಯುತ್ತದೆ. ಫಿಲ್ಟರ್ ಇಲ್ಲದ್ದರಲ್ಲಿ ಈ ಕೆಲಸ ತಿರುಗುವ ಬ್ಲೋವರಿನದು. ಅದು ಎಣ್ಣೆಯನ್ನು ಪಕ್ಕಕ್ಕೆ ಚಿಮ್ಮಿಸುತ್ತದೆ, ಎಣ್ಣೆ ಹರಿದು ಒಂದು ಬಟ್ಟಲಿಗೆ ಬೀಳುತ್ತದೆ. ಬಟನ್ ಒತ್ತಿದರೆ ಒಳಗಿನ ಕಾಯಿಲ್ ಬಿಸಿಯಾಗಿ, ಅಂಟಿದ ಜಿಡ್ಡು ಕರಗಿ ಬಟ್ಟಲಿಗೆ ಇಳಿಯುತ್ತದೆ.

ಬರೀ ಒಗ್ಗರಣೆ, ಪಲ್ಯ, ಆಗಾಗ ಮಿರ್ಚಿ ಬಜಿ ಮಾಡುವ ಮನೆಗೆ ಫಿಲ್ಟರ್ ಇಲ್ಲದ್ದು ಬಹಳ ಅನುಕೂಲ. ಆದರೆ ನಮ್ಮಲ್ಲಿ ದಿನಾ ಜೋಳದ ರೊಟ್ಟಿ. ರೊಟ್ಟಿ ಬಡಿಯುವಾಗ ಹಿಟ್ಟಿನ ಧೂಳು ಏಳುತ್ತದೆ. ಹಂಚಿನ ಮೇಲೆ ಉದುರಿದ ಹಿಟ್ಟು ಸುಟ್ಟು ಹೊಗೆಯಾಗುತ್ತದೆ. ಮೇಲೆ ನೀರು ಸವರಿದಾಗ ಹಬೆ. ಈ ಹಿಟ್ಟು, ಹಬೆ, ಎಣ್ಣೆ ಮೂರೂ ಒಳಗೆ ಕೂಡಿದರೆ ಆಗುವುದು ಅಂಟು, ಗೋಡೆಗೆ ಪೋಸ್ಟರ್ ಹಚ್ಚುವ ಥರದ್ದು! ಎಣ್ಣೆ ಬಿಸಿಗೆ ಕರಗುತ್ತದೆ. ಹಿಟ್ಟು ಕರಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಆಟೋ ಕ್ಲೀನ್ ಕಂಡುಹಿಡಿದವರು ರೊಟ್ಟಿ ಬಡಿದಿರಲಿಕ್ಕಿಲ್ಲ.  

ಹಾಗಾಗಿ ರೊಟ್ಟಿ ಮನೆಗೆ ನನ್ನ ಓಟು ಉಕ್ಕಿನ ಬ್ಯಾಫಲ್‌ಗೆ. ಎರಡು ಪಟ್ಟಿ ಕಳಚಿ ಕೈಯಲ್ಲೇ ತೊಳೆಯಬಹುದು, ಒಳಗೆ ಏನಾಗಿದೆ ಅಂತ ಕಣ್ಣಿಗೆ ಕಾಣುತ್ತದೆ. ನಾವು ಮೂರು ವಾರಕ್ಕೊಮ್ಮೆ ತೊಳೆಯುತ್ತೇವೆ, ಅದೂ ನೀರು ಬರುವ ದಿನ ನೋಡಿಕೊಂಡು. ಹುಬ್ಬಳ್ಳಿ–ಧಾರವಾಡದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಅಗಲದ ಬುಟ್ಟಿಯಲ್ಲಿ ಕುದಿಯುವ ನೀರು, ಎರಡು ಚಮಚ ವಾಷಿಂಗ್ ಸೋಡಾ, ಸ್ವಲ್ಪ ಪಾತ್ರೆ ತೊಳೆಯುವ ಸೋಪು ಹಾಕಿ ಅರ್ಧ ತಾಸು ನೆನೆಸಿದರೆ ಜಿಡ್ಡು ತಾನೇ ಬಿಡುತ್ತದೆ. ಅಲ್ಯೂಮಿನಿಯಂ ಫಿಲ್ಟರಿಗೆ ವಾಷಿಂಗ್ ಸೋಡಾ ಬೇಡ, ಕಪ್ಪಾಗುತ್ತದೆ. ಬೋರಿನ ಗಡಸು ನೀರಾದರೆ ಕೊನೆಗೆ ಒಣ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಬಿಳಿ ಕಲೆ ಉಳಿಯುತ್ತದೆ.

ಸಿಂಕಿನ ಮುಂದೆ ನಿಂತು ಬ್ಯಾಫಲ್ ಉಜ್ಜುವಷ್ಟು ಸಮಯ ಇಲ್ಲದವರು, ರೊಟ್ಟಿಯನ್ನು ಹೊರಗಿಂದ ತರುವವರು ಫಿಲ್ಟರ್ ಇಲ್ಲದ್ದನ್ನೇ ತೆಗೆದುಕೊಳ್ಳಿ. ಒಂದೇ ಷರತ್ತು: ಆಟೋ ಕ್ಲೀನ್ ಬಟನ್ನನ್ನು ಎರಡು ಮೂರು ವಾರಕ್ಕೊಮ್ಮೆ ಒತ್ತಲೇಬೇಕು. ಆರು ತಿಂಗಳು ಬಿಟ್ಟು ಒತ್ತಿದರೆ ಆ ಜಿಡ್ಡು ಕರಗುವ ಹಂತ ದಾಟಿರುತ್ತದೆ. ಬಟ್ಟಲು ಖಾಲಿ ಮಾಡುವುದು, ಹೊರಮೈ ಒರೆಸುವುದು ಆಗಲೂ ನಿಮ್ಮದೇ ಕೆಲಸ.

ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆ

ಹುಬ್ಬಳ್ಳಿಯ ಕೊಪ್ಪೀಕರ್ ರೋಡಿನಲ್ಲಿ ಯಾವ ಅಂಗಡಿಗೆ ಹೋದರೂ ಮೊದಲು ಹೇಳುವುದು ಎಳೆತದ ಸಂಖ್ಯೆ. 1200, 1400, 1600. ಅಂದರೆ ಗಂಟೆಗೆ ಇಷ್ಟು ಘನ ಮೀಟರ್ ಗಾಳಿ. ನಮ್ಮ ಅಡುಗೆಮನೆ 10 ಅಡಿ ಉದ್ದ, 8 ಅಡಿ ಅಗಲ, 10 ಅಡಿ ಎತ್ತರ. ಅಂದರೆ 800 ಘನ ಅಡಿ, ಮೀಟರ್ ಲೆಕ್ಕದಲ್ಲಿ ಸುಮಾರು 23 ಘನ ಮೀಟರ್. ಗಂಟೆಗೆ 12 ಸಲ ಗಾಳಿ ಬದಲಾಗಲಿ ಅಂದರೂ 275ರ ಆಸುಪಾಸು ಸಾಕು. ಪೈಪು, ಫಿಲ್ಟರ್, ತಿರುವುಗಳಲ್ಲಿ ಅರ್ಧಕ್ಕರ್ಧ ಹೋಯಿತು ಅಂತ ಹಿಡಿದರೂ 550. ಒಗ್ಗರಣೆಗೆ, ಕರಿಯುವುದಕ್ಕೆ ಅಂತ ಇನ್ನಷ್ಟು ಸೇರಿಸಿ. 1000ದಿಂದ 1200ರ ಚಿಮ್ನಿ ಧಾರಾಳ. 1600ಕ್ಕೆ ಕೊಡುವ ಹೆಚ್ಚಿನ ದುಡ್ಡು ಕೋರ್ ಕಟಿಂಗಿಗೆ ಕೊಡಿ.

ಆ ಸಂಖ್ಯೆಗಿಂತ ಆಕಾರವೇ ಜಾಸ್ತಿ ಮುಖ್ಯ. ಎರಡು ಮೂರು ಬರ್ನರಿನ ಒಲೆಗೆ 60 ಸೆಂಟಿಮೀಟರ್ ಅಗಲ ನಡೆಯುತ್ತದೆ. ಉದ್ದದ ನಾಲ್ಕು ಬರ್ನರಿಗೆ 90 ಬೇಕು. ಒಲೆಗಿಂತ ಚಿಮ್ನಿ ಸಣ್ಣದಾಗಬಾರದು. ಇತ್ತೀಚೆಗೆ ಓರೆಯಾಗಿ ನಿಲ್ಲುವ ಕಪ್ಪು ಗಾಜಿನ ಮಾದರಿ ಬಹಳ ಓಡುತ್ತದೆ. ನೋಡಲು ಚಂದ, ತಲೆಗೆ ಬಡಿಯುವುದಿಲ್ಲ. ಆದರೆ ಅದು ಗೋಡೆಯ ಕಡೆಗೆ ವಾಲಿರುತ್ತದೆ. ರೊಟ್ಟಿ ಹಂಚು ಇಡುವುದು ಮುಂದಿನ ಬರ್ನರಿನ ಮೇಲೆ. ಮುಂದಿನಿಂದ ಏಳುವ ಹೊಗೆ ಅದರ ಅಂಚು ತಪ್ಪಿಸಿಕೊಂಡು ಸೂರಿಗೆ ಹೋಗುತ್ತದೆ. ಗೋಪುರದ ಹಾಗೆ ಕೆಳಗೆ ಅಗಲವಾಗಿ ಚಾಚಿದ ಹಳೆಯ ಮಾದರಿ ಒಲೆಯನ್ನು ಪೂರ್ತಿ ಮುಚ್ಚುತ್ತದೆ. ಅತ್ತೆ ಓರೆಯದನ್ನು ನೋಡಿ "ಇದು ಟೀವಿ ಇದ್ದಂಗೈತಿ, ಹೊಗಿ ನೋಡತೈತಿ, ಹಿಡಿಯೂದಿಲ್ಲ" ಅಂದರು. ನಾವು ಗೋಪುರದ್ದನ್ನೇ ತಂದೆವು.

ಕೈ ಬೀಸಿದರೆ ಚಾಲೂ ಆಗುವುದು, ಬಣ್ಣದ ಲೈಟು ಇವೆಲ್ಲ ಬೇಕಿದ್ದರೆ ತಗೊಳ್ಳಿ. ನನಗೆ ಸಾದಾ ಬಟನ್ ಸಾಕು, ಹಿಟ್ಟಿನ ಕೈಯಲ್ಲೂ ಒತ್ತಬಹುದು. ವಾರಂಟಿಯಲ್ಲಿ ಮೋಟರಿಗೆ ಎಷ್ಟು ವರ್ಷ, ಉಳಿದದ್ದಕ್ಕೆ ಎಷ್ಟು ವರ್ಷ ಅಂತ ಬೇರೆ ಬೇರೆಯಾಗಿ ಕೇಳಿ. ಗದಗ, ಹಾವೇರಿಯವರು ಸರ್ವೀಸಿನ ಹುಡುಗ ಯಾವ ಊರಿನಿಂದ ಬರುತ್ತಾನೆ ಅಂತಲೂ ಕೇಳಿ. "ಇನ್‌ಸ್ಟಾಲೇಶನ್ ಫ್ರೀ" ಅಂದರೆ ಪೈಪು, ಮುಚ್ಚಳ, ತೂತು ಫ್ರೀ ಅಂತ ಅಲ್ಲ. ಕರೆಂಟಿನ ಬಿಲ್ಲಿಗೆ ಹೆದರಬೇಡಿ. 200 ವ್ಯಾಟಿನ ಮೋಟರ್ ದಿನಕ್ಕೆ ಒಂದೂವರೆ ತಾಸು ಓಡಿದರೆ ತಿಂಗಳಿಗೆ 9 ಯೂನಿಟ್.

ಕೂಡಿಸುವ ದಿನ

ಅರ್ಥಿಂಗ್ ಇರುವ ಮೂರು ಪಿನ್ನಿನ ಪಾಯಿಂಟ್ ಮೊದಲೇ ಮಾಡಿಸಿಡಿ. ಒಲೆಯ ನೇರ ಮೇಲೆ ಬೇಡ, ಚಿಮ್ನಿಯ ಪಕ್ಕದಲ್ಲಿ ಕೈಗೆ ಸಿಗುವ ಹಾಗಿರಲಿ. ಎತ್ತರಕ್ಕೆ ಕಂಪನಿಯ ಪುಸ್ತಕದಲ್ಲಿರುವ ಅಳತೆಯೇ ಕೊನೆಯ ಮಾತು. ಅದರ ಮಿತಿಯೊಳಗೆ, ದಿನಾ ಅಡುಗೆ ಮಾಡುವವರನ್ನೇ ಒಲೆಯ ಮುಂದೆ ನಿಲ್ಲಿಸಿ ಗುರುತು ಹಾಕಿಸಿ. ನಮ್ಮಲ್ಲಿ ಬಂದವನು ನನ್ನ ಗಂಡನನ್ನು ನಿಲ್ಲಿಸಿ ಗುರುತು ಹಾಕಿದ್ದ. ಅವರು ಚಹಾ ಬಿಟ್ಟು ಬೇರೇನೂ ಮಾಡುವುದಿಲ್ಲ.

ಕೆಲಸ ಮುಗಿದ ಮೇಲೆ ಹುಡುಗರು ಒಂದು ಪೇಪರ್ ಹಾಳೆ ಅಂಟಿಸಿ "ನೋಡ್ರಿ ಹೆಂಗ ಹಿಡೀತು" ಅಂತಾರೆ. ಅದರಿಂದ ಗಾಳಿ ಎಷ್ಟು ಹೊರಗೆ ಹೋಯಿತು ಅಂತ ತಿಳಿಯುವುದಿಲ್ಲ. ಒಂದು ಊದಿನಕಡ್ಡಿ ಹಚ್ಚಿ ಮುಂದಿನ ಬರ್ನರಿನ ಅಂಚಿನಲ್ಲಿ ಹಿಡಿಯಿರಿ. ಹೊಗೆ ಬಾಗಿ ಒಳಗೆ ಹೋದರೆ ಸರಿ. ಅಡ್ಡಾಡಿ ನಿಮ್ಮ ಮುಖಕ್ಕೆ ಬಂದರೆ ಎತ್ತರವೋ ಪೈಪೋ ತಪ್ಪಿದೆ. ದುಡ್ಡು ಕೊಡುವ ಮೊದಲು ಈ ಪರೀಕ್ಷೆ ಮಾಡಿ.

ಹೊರಗೆ ಹೋದಷ್ಟೇ ಗಾಳಿ ಒಳಗೂ ಬರಬೇಕು. ಎಲ್ಲ ಮುಚ್ಚಿದ ಅಡುಗೆಮನೆಯಲ್ಲಿ ಚಿಮ್ನಿ ಸುಮ್ನೆ ಒದ್ದಾಡುತ್ತದೆ. ಒಲೆಯಿಂದ ದೂರದ ಬಾಗಿಲನ್ನೋ ಕಿಟಕಿಯನ್ನೋ ಒಂದು ಗೇಣು ತೆರೆದಿಡಿ. ಒಲೆಯ ಪಕ್ಕದ ಕಿಟಕಿ ಬೇಡ, ಅಲ್ಲಿಂದ ಬರುವ ಗಾಳಿ ಹೊಗೆಯನ್ನು ಚದುರಿಸುತ್ತದೆ. ಸೀಲಿಂಗ್ ಫ್ಯಾನೂ ಅದೇ ಕೆಲಸ ಮಾಡುತ್ತದೆ. ಚಿಮ್ನಿಯ ಹತ್ತಿರ ಹಳೆಯ ಎಕ್ಸಾಸ್ಟ್ ಫ್ಯಾನಿನ ಕಿಂಡಿ ಇದ್ದರೆ ಮುಚ್ಚಿಸಿ. ಎಣ್ಣೆ ಕಾಯುವ ಮೊದಲೇ ಚಾಲೂ ಮಾಡಿ, ಒಲೆ ಆರಿಸಿದ ಮೇಲೆ ಐದು ಹತ್ತು ನಿಮಿಷ ಓಡಲಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಗ್ಯಾಸ್ ಸೋರಿದ ವಾಸನೆ ಬಂದರೆ ಚಿಮ್ನಿ ಹಾಕಬೇಡಿ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ, ಮೇಲಿನ ಚಿಮ್ನಿಗೆ ಸಿಗುವುದಿಲ್ಲ. ಸ್ವಿಚ್ಚಿನ ಒಂದು ಕಿಡಿ ಸಾಕು. ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ.

ಧಾರವಾಡದ ಫ್ಲಾಟು, ಗದಗಿನ ಮಾಳಿಗೆ ಮನೆ

ನನ್ನ ತಮ್ಮನ ಫ್ಲಾಟು ಧಾರವಾಡದ ಸಪ್ತಾಪುರದಲ್ಲಿದೆ. ರಸ್ತೆ ಕಡೆಯ ಗೋಡೆಗೆ ತೂತು ಹಾಕಲು ಅಲ್ಲಿನ ಸಂಘದವರು ಬಿಡುವುದಿಲ್ಲ. ಪೈಪುಗಳು ಇಳಿಯುವ ಒಳ ಶಾಫ್ಟಿಗೆ ಬಿಟ್ಟರೆ ಇವರ ಮೀನಿನ ವಾಸನೆ ಮೇಲಿನವರ ಬಚ್ಚಲಿಗೆ ಹೋಗುತ್ತದೆ. ಕೊನೆಗೆ ಬಟ್ಟೆ ಒಗೆಯುವ ಯುಟಿಲಿಟಿ ಕಡೆಗೆ ಎರಡು ತಿರುವಿನಲ್ಲಿ ತಂದರು. ಅವನಿಗೆ ಫಿಲ್ಟರ್ ಇಲ್ಲದ ಚಿಮ್ನಿ ಸರಿಹೋಯಿತು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ರೊಟ್ಟಿ ಖಾನಾವಳಿಯಿಂದ ಬರುತ್ತದೆ.

ಚಿಗವ್ವನ ಮನೆಗೆ ಮಾತ್ರ ನಾನೇ ಚಿಮ್ನಿ ಬೇಡ ಅಂದೆ. ಹಳೆಯ ಮಾಳಿಗೆ ಮನೆ, ಎರಡಡಿ ದಪ್ಪದ ಮಣ್ಣು ಕಲ್ಲಿನ ಗೋಡೆ. ಚಿಮ್ನಿಯ ತೂಕ ಹತ್ತು ಹದಿನೈದು ಕಿಲೋ ಇರುತ್ತದೆ. ಮಣ್ಣಿನ ಗೋಡೆಯಲ್ಲಿ ಬೋಲ್ಟು ಹಿಡಿಯುವುದಿಲ್ಲ, ಕಬ್ಬಿಣದ ಕಟ್ಟು ಮಾಡಿಸಬೇಕು. ಅದಕ್ಕಿಂತ ಮುಖ್ಯವಾಗಿ ಆಕೆ ಗ್ಯಾಸಿನ ಪಕ್ಕದಲ್ಲೇ ಕಟ್ಟಿಗೆ ಒಲೆಯನ್ನೂ ಉಳಿಸಿಕೊಂಡಿದ್ದಾಳೆ. ಈ ಚಿಮ್ನಿಗಳು ಕಟ್ಟಿಗೆ ಬೆಂಕಿಗೆ ಅಲ್ಲ. ಕಿಡಿ ಹಾರಿ ಜಿಡ್ಡಿಗೆ ತಾಗಿದರೆ ಪೈಪೇ ಉರಿಯುತ್ತದೆ. ಕಟ್ಟಿಗೆ ಒಲೆಗೆ ಅದರದೇ ನೇರ ಹೊಗೆಕೊಳವೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಸ್ತ್ರ ಒಲೆಯಲ್ಲಿ ಇರುವ ಹಾಗೆ, ಬಿಸಿ ಹೊಗೆ ಕರೆಂಟಿಲ್ಲದೆ ತಾನೇ ಮೇಲಕ್ಕೆ ಎಳೆದುಕೊಂಡು ಹೋಗುವಂಥದ್ದು.

ಅಲ್ಲಿ ಬೆಳಕಿಂಡಿಯ ಜಾಗದಲ್ಲಿ 12 ಇಂಚಿನ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆವು. ಚಿಮ್ನಿಯ ಕಾಲುಭಾಗದ ಖರ್ಚೂ ಆಗಲಿಲ್ಲ. ಫ್ಯಾನು ಹೊಗೆಯನ್ನು ಒಲೆಯ ಮೇಲೇ ಹಿಡಿಯುವುದಿಲ್ಲ, ಕೋಣೆಯೆಲ್ಲ ದಾಟಿಸಿ ಒಯ್ಯುತ್ತದೆ. ಡಬ್ಬಿಗಳ ಮೇಲೆ ಜಿಡ್ಡು ಕೂಡುವುದು ತಪ್ಪುವುದಿಲ್ಲ. ಎತ್ತರದ ಸೂರು ಇರುವುದರಿಂದ ಕಣ್ಣುರಿ ಮಾತ್ರ ಹೋಗಿದೆ. ರೆಕ್ಕೆ ಒರೆಸಲು ಏಣಿ ಹತ್ತಬೇಕು. ಹಬ್ಬಕ್ಕೆ ಹೋದಾಗಲೆಲ್ಲ ಆ ಕೆಲಸ ನನ್ನದು.